ಸೋಸಿದ ನೋಟ

ನೀರನ್ನು ಸೋಸಿ ಕುಡಿಯುವುದು ಶ್ರಾವಕನ ಮೊದಲ ಗುರುತು. ಬಟ್ಟೆಯನ್ನು ಎರಡು ಪದರ ಮಾಡಿ ಕೊಡದ ಬಾಯಿಗೆ ಕಟ್ಟುವ ಕ್ರಮವನ್ನು ನಮ್ಮ ಮನೆಗಳ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕಂಡು ಕಲಿಯುತ್ತಿದ್ದರು. ಆದರೆ ಈ ಆಚಾರದ ಉತ್ತರಾರ್ಧವನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು, ಅವು ಯಾವ ಬಾವಿಯಿಂದ ಬಂದವೋ ಆ ಬಾವಿಗೇ ಮರಳಿಸಬೇಕೆಂಬುದು ಹಿರಿಯರು ವಿಧಿಸಿದ ನಿಯಮ. ಕುಡಿಯುವವನ ಬಾಯಿ ಶುದ್ಧವಾದರೆ ಸಾಲದು; ಬಟ್ಟೆಯಲ್ಲಿ ಸಿಕ್ಕಿಕೊಂಡ ಜೀವಕ್ಕೂ ಅದರ ನೆಲೆ ದೊರೆಯಬೇಕು. ಅಹಿಂಸೆ ಎಂಬುದು ತನ್ನನ್ನು ಕಾಪಾಡಿಕೊಳ್ಳುವ ಮಡಿವಂತಿಕೆಯಲ್ಲ, ಇನ್ನೊಂದು ಜೀವದ ವಿಷಯದಲ್ಲಿ ಹೊರಬೇಕಾದ ಹೊಣೆ ಎಂಬುದು ಈ ಚಿಕ್ಕ ನಿಯಮದಲ್ಲಿ ಅಡಗಿದೆ.

ಕಣ್ಣಿಗೂ ಇಂಥದೊಂದು ಬಟ್ಟೆ ಬೇಕೇ ಎಂಬ ಪ್ರಶ್ನೆ ಕಳೆದ ಬೇಸಗೆಯಲ್ಲಿ ನನಗೆ ಎದುರಾಯಿತು. ನನ್ನ ಮಗನ ಸಂಸಾರ ವೈಟ್‌ಫೀಲ್ಡ್‌ನಲ್ಲಿದೆ. ಅಲ್ಲಿ ಕಣ್ಣೆತ್ತಿದರೆ ಕಾಣುವುದೆಲ್ಲ ಗಾಜಿನ ಗೋಡೆಯ ಕಚೇರಿಗಳು ಮತ್ತು ಇಪ್ಪತ್ತು ಅಂತಸ್ತಿನ ವಸತಿಗಳು. ಎಂಟು ವರ್ಷದ ಮೊಮ್ಮಗನಿಗೆ ನೂರು ವರ್ಷ ಹಳೆಯದೆನ್ನಬಹುದಾದ ಒಂದು ಮನೆಯನ್ನಾದರೂ ತೋರಿಸಬೇಕೆಂದು ಒಂದು ಭಾನುವಾರ ನಾವೆಲ್ಲರೂ ಮೆಟ್ರೊ ಹತ್ತಿದೆವು. ೨೦೨೩ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ತಲಪಿದ ಮೇಲೆ ಈ ಪ್ರಯಾಣ ಸುಲಭವಾಗಿದೆ. ಮೆಟ್ರೊ ಇಳಿದು ಆಟೊ ಹಿಡಿದು ವಸಂತನಗರದ ಬೆಂಗಳೂರು ಅರಮನೆಯನ್ನು ಸೇರಿದೆವು.

ಈ ಅರಮನೆ ಮೊದಲು ಅರಮನೆಯಾಗಿರಲಿಲ್ಲ. ಮುಂದೆ ಸೆಂಟ್ರಲ್ ಕಾಲೇಜು ಎಂದು ಹೆಸರಾದ ಪ್ರೌಢಶಾಲೆಯ ಪ್ರಾಂಶುಪಾಲರಾಗಿದ್ದ ರೆವರೆಂಡ್ ಗ್ಯಾರೆಟ್ ಎಂಬವರ ಸ್ವತ್ತು ಇದು. ೧೮೭೩ರಲ್ಲಿ, ಹತ್ತು ವರ್ಷದ ಬಾಲಕನಾಗಿದ್ದ ಹತ್ತನೆಯ ಚಾಮರಾಜೇಂದ್ರ ಒಡೆಯರ ಪರವಾಗಿ, ಅವರ ಬ್ರಿಟಿಷ್ ಪಾಲಕರು ಇದನ್ನು ನಲವತ್ತು ಸಾವಿರ ರೂಪಾಯಿಗಳಿಗೆ ಕೊಂಡರು. ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿತ್ತು; ರಾಜ್ಯ ಒಡೆಯರಿಗೆ ಮರಳಿದ್ದು ೧೮೮೧ರಲ್ಲಿ. ಇಂಗ್ಲೆಂಡಿನ ಹಳೆಯ ಕೋಟೆಮನೆಗಳನ್ನು ನೆನಪಿಸುವ ಬುರುಜುಗಳು, ಒಳಗೆ ಮರದ ಕೆತ್ತನೆ, ಮೇಲಿನ ದರ್ಬಾರ್ ಸಭಾಂಗಣದಲ್ಲಿ ಬಣ್ಣದ ಗಾಜಿನ ಕಿಟಕಿಗಳು, ಅಂಗಳದಲ್ಲಿ ನೀಲಿ ಬಿಲ್ಲೆಗಳನ್ನು ಹೊದಿಸಿದ ಕಲ್ಲಿನ ಆಸನಗಳು. ದೀರ್ಘಕಾಲ ಮುಚ್ಚಿದ್ದ ಈ ಕಟ್ಟಡವನ್ನು ದುರಸ್ತಿಗೊಳಿಸಿ, ೨೦೦೫ರಿಂದ ಸಾರ್ವಜನಿಕರ ದರ್ಶನಕ್ಕೆ ತೆರೆಯಲಾಗಿದೆ.

ಒಳಗೆ ಕಾಲಿಟ್ಟ ಕ್ಷಣದಿಂದ ನಾನು ಹೊಗಳುತ್ತಲೇ ಹೋದೆನೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಮರಗೆಲಸವನ್ನು ಮುಟ್ಟಿದೆ, ಗಾಜಿನ ಬಣ್ಣ ನೆಲದ ಮೇಲೆ ಬಿದ್ದುದನ್ನು ಮೊಮ್ಮಗನಿಗೆ ತೋರಿಸಿದೆ, “ಎಂಥ ವೈಭವ!” ಎಂದೆ. ಗೋಡೆಯ ಮೇಲೆ ಗಜರಾಜನೊಬ್ಬನ ತಲೆ ಇತ್ತು. ಅದನ್ನು ನೋಡಿಯೂ ನನ್ನ ಬಾಯಿ ನಿಲ್ಲಲಿಲ್ಲ. ನಿಂತದ್ದು ಇನ್ನೊಂದು ಕಡೆ. ಅಲ್ಲಿ ಆನೆಯ ಪಾದಗಳನ್ನು ಕತ್ತರಿಸಿ, ಹದಗೊಳಿಸಿ, ಮೇಲೆ ಮೆತ್ತೆ ಕೂರಿಸಿ ಮಾಡಿದ ಪೀಠಗಳಿದ್ದವು. ಉಗುರುಗಳು ಹಾಗೆಯೇ ಇದ್ದವು. ಪಕ್ಕದಲ್ಲಿದ್ದ ಪ್ರವಾಸಿಯೊಬ್ಬರು “ರಾಜರ ಕಾಲ ಅಂದರೆ ಇದು ನೋಡಿ” ಎಂದು ಮೆಚ್ಚುಗೆಯಿಂದ ಚಿತ್ರ ತೆಗೆದುಕೊಳ್ಳುತ್ತಿದ್ದರು. ನನ್ನ ಮೊಮ್ಮಗ ಬಗ್ಗಿ ಆ ಉಗುರುಗಳನ್ನು ನೋಡಿ, “ಅಜ್ಜ, ಮಿಕ್ಕ ಆನೆ ಎಲ್ಲಿ?” ಎಂದು ಕೇಳಿದ.

ನಾನು ತಕ್ಷಣ ಉತ್ತರಿಸಲಾರದೆ ಹೋದೆ. ಅಂಗಳದ ನೀಲಿ ಆಸನದ ಮೇಲೆ ಕುಳಿತು ಅವನಿಗೆ ಮೇಘಕುಮಾರನ ಕಥೆಯನ್ನು ಹೇಳಿದೆ. ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥಾದಲ್ಲಿ ಬರುವ ಈ ಕಥೆ ನಮ್ಮ ಎರಡೂ ಆಮ್ನಾಯಗಳ ಮನೆಗಳಿಗೆ ಪರಿಚಿತವೇ. ಕಾಡುಕಿಚ್ಚಿಗೆ ಹೆದರಿ ಪ್ರಾಣಿಗಳೆಲ್ಲ ಒಂದು ಬಯಲಿನಲ್ಲಿ ಒತ್ತಿಕೊಂಡು ನಿಂತಾಗ, ಮೈ ತುರಿಸಿಕೊಳ್ಳಲು ಕಾಲೆತ್ತಿದ ಆನೆಯೊಂದರ ಪಾದದ ಕೆಳಗಿನ ಜಾಗಕ್ಕೆ ಒಂದು ಮೊಲ ನುಗ್ಗಿತು. ಕಾಲಿಟ್ಟರೆ ಮೊಲ ಸಾಯುತ್ತದೆಂದು ಆನೆ ಎರಡೂವರೆ ದಿನ ಪಾದವನ್ನು ಮೇಲೆತ್ತಿಯೇ ನಿಂತಿತು. ಕಿಚ್ಚು ಆರಿ ಮೊಲ ಹೊರಟುಹೋದ ಮೇಲೆ ಮರಗಟ್ಟಿದ ಕಾಲನ್ನು ಊರಲಾರದೆ ಬಿದ್ದು ಸತ್ತಿತು. ಆ ಜೀವವೇ ಶ್ರೇಣಿಕ ಮಹಾರಾಜನ ಮಗ ಮೇಘಕುಮಾರನಾಗಿ ಹುಟ್ಟಿ, ಮಹಾವೀರ ಸ್ವಾಮಿಯಲ್ಲಿ ದೀಕ್ಷೆ ಪಡೆಯಿತು. ಕಥೆ ಮುಗಿದಾಗ ಹುಡುಗ ಏನೂ ಹೇಳಲಿಲ್ಲ. ಎದ್ದು ಹೋಗಿ ಆ ಪೀಠಗಳನ್ನು ಇನ್ನೊಮ್ಮೆ ನೋಡಿ ಬಂದ.

ಕಥೆಯಿಂದ ಮಗುವಿಗೆ ಒಂದು ಉತ್ತರ ದೊರೆಯಿತು, ನನಗೆ ದೊರೆಯಲಿಲ್ಲ. ಮಗು ಕೇಳಿದ್ದು ಆನೆಯ ವಿಷಯ. ನಾನು ಕೇಳಿಕೊಳ್ಳಬೇಕಾದದ್ದು ನನ್ನ ವಿಷಯ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ನೆಲೆಗಳನ್ನು ಲೆಕ್ಕಮಾಡುವಾಗ ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಸೇರಿಸುತ್ತಾರೆ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತಗಳಿಂದ, ಮನಸ್ಸು, ಮಾತು, ಕಾಯ ಎಂಬ ಮೂರು ಯೋಗಗಳಿಂದ, ನಾಲ್ಕು ಕಷಾಯಗಳಿಂದ ಇವನ್ನು ಗುಣಿಸಿದರೆ ನೂರೆಂಟಾಗುತ್ತದೆ. ನಮ್ಮ ಜಪಮಾಲೆಯ ಮಣಿಗಳಿಗೂ ಈ ಲೆಕ್ಕಕ್ಕೂ ಸಂಬಂಧ ಹೇಳುವ ವಾಡಿಕೆಯುಂಟು. ಆ ಆನೆಯನ್ನು ನಾನು ಕೊಲ್ಲಲಿಲ್ಲ, ಕೊಲ್ಲಿಸಲಿಲ್ಲ. ಆದರೆ “ಎಂಥ ವೈಭವ!” ಎಂದ ನನ್ನ ಮಾತು ಆ ಮರಕ್ಕೆ, ಆ ಗಾಜಿಗೆ ಮಾತ್ರ ಸಂದಿತೆ, ಅಥವಾ ಅದರೊಡನೆ ಆ ಪಾದಕ್ಕೂ ಸಂದಿತೆ?

ಇದಕ್ಕೆ ಮೊದಲನೆಯದಾಗಿ ಹೇಳಬಹುದಾದ ಸಮಾಧಾನವೆಂದರೆ, ಆ ಕೃತ್ಯ ಎಂದೋ ಮುಗಿದುಹೋಗಿದೆ, ಮಾಡಿದವರೂ ಉಳಿದಿಲ್ಲ, ಮುಗಿದುದನ್ನು ಈಗ ಮೆಚ್ಚಿದರೇನು, ಬಿಟ್ಟರೇನು ಎಂಬುದು. ಈ ಸಮಾಧಾನಕ್ಕೆ ೧೨೦೯ರಲ್ಲಿಯೇ ನಮ್ಮ ಜನ್ನ ಕವಿ ಉತ್ತರ ಕೊಟ್ಟಿದ್ದಾನೆ. ಯಶೋಧರ ಚರಿತೆಯಲ್ಲಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅಲ್ಲಿ ಒಂದು ಹನಿ ರಕ್ತವೂ ಬೀಳಲಿಲ್ಲ. ಆದರೂ ಕೊಲ್ಲುವ ಸಂಕಲ್ಪ ಮಾಡಿದ ಕಾರಣಕ್ಕಾಗಿ ಅವರಿಬ್ಬರೂ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ತೊಳಲಬೇಕಾಯಿತು. ಕರ್ಮವನ್ನು ತರುವುದು ಎದುರಿಗಿರುವ ವಸ್ತುವಲ್ಲ, ಅದರ ಕಡೆಗೆ ಹರಿಯುವ ಭಾವ. ಪ್ರಾಣವೇ ಇಲ್ಲದ ಹಿಟ್ಟಿನ ಕೋಳಿಯಲ್ಲಿ ಭಾವಹಿಂಸೆ ಸಾಧ್ಯವಾದರೆ, ಒಮ್ಮೆ ಪ್ರಾಣವಿದ್ದ ಪಾದದ ಮುಂದೆ ನಿಂತು ಮೆಚ್ಚುವಾಗ ಅದು ಅಸಾಧ್ಯವೆನ್ನುವುದು ಹೇಗೆ?

ಹಾಗಾದರೆ ಇಂಥ ಮನೆಗಳಿಗೆ ಹೋಗಲೇಬಾರದು, ಟಿಕೆಟ್ಟಿನ ಹಣ ಕೊಡಲೇಬಾರದು ಎಂಬುದು ಎರಡನೆಯ ಉತ್ತರ. ನಮ್ಮಲ್ಲಿ ಕೆಲವರು ಇದನ್ನೇ ಹೇಳುತ್ತಾರೆ. ಅವರ ನಿಷ್ಠೆಗೆ ನನ್ನ ಗೌರವವಿದೆ. ಆದರೆ ಈ ಅಳತೆಯನ್ನು ಹಿಡಿದು ಹೊರಟರೆ ನಾವು ಎಲ್ಲಿ ನಿಲ್ಲುತ್ತೇವೆ? ೯೮೧ರಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಯುದ್ಧಗಳನ್ನು ಗೆದ್ದ ದಂಡನಾಯಕ. ಬಸದಿಗಳಿಗೆ ದತ್ತಿ ಬಿಟ್ಟ ಅರಸರಲ್ಲಿ ಕತ್ತಿ ಹಿಡಿಯದವರು ಯಾರು? ಹಿಂಸೆಯ ನೆರಳು ಬಿದ್ದ ಕಲ್ಲನ್ನೆಲ್ಲ ಬಿಟ್ಟುಬಿಡುವುದಾದರೆ ನಮಗೆ ನಿಲ್ಲಲು ನೆಲವೇ ಉಳಿಯುವುದಿಲ್ಲ. ನೀರಿನಲ್ಲಿ ಜೀವಗಳಿವೆಯೆಂದು ನಮ್ಮ ಹಿರಿಯರು ಗೃಹಸ್ಥನಿಗೆ ನೀರನ್ನೇ ನಿಷೇಧಿಸಲಿಲ್ಲ, ಸೋಸಲು ಹೇಳಿದರು.

ಮೂರನೆಯ ಉತ್ತರ ಎಲ್ಲಕ್ಕಿಂತ ಹಿತವಾದುದು, ಆದುದರಿಂದಲೇ ಅಪಾಯಕರವಾದುದು. ಸುಂದರವಾದುದನ್ನು ನೋಡಿ, ಕ್ರೂರವಾದುದರಿಂದ ಮುಖ ತಿರುಗಿಸಿ ಮುಂದೆ ಹೋಗಿರಿ ಎಂದು ಇದು ಹೇಳುತ್ತದೆ. ನನ್ನ ಸೊಸೆ ಅಂದು ಹಾಗೆಯೇ ಮಾಡಿದಳು. ಮಗುವಿನ ಕಣ್ಣು ಮುಚ್ಚಿಸಿ ಕರೆದುಕೊಂಡು ಹೋಗಬೇಕಾಗಿತ್ತು ಎಂದು ನನ್ನ ಮೇಲೆ ಸ್ವಲ್ಪ ಬೇಸರವನ್ನೂ ಮಾಡಿಕೊಂಡಳು. ತಾಯಿಯ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಕಣ್ಣು ತಪ್ಪಿಸಿದ ಮಾತ್ರಕ್ಕೆ ಆನೆ ಬದುಕಿ ಬರುವುದಿಲ್ಲ; ನಮ್ಮ ಮನಸ್ಸಿಗೆ ನೆಮ್ಮದಿಯಾಗುತ್ತದೆ, ಅಷ್ಟೆ. ಅದು ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಮೋರಿಗೆ ಕೊಡವಿದಂತೆ. ನಮ್ಮ ಶಾಸ್ತ್ರಗಳು ಇದನ್ನು ಪ್ರಮಾದವೆನ್ನುತ್ತವೆಯೇ ಹೊರತು ಅಹಿಂಸೆಯೆನ್ನುವುದಿಲ್ಲ.

ಮುಖ ತಿರುಗಿಸಿದರೆ ತಪ್ಪಿಹೋಗುವುದು ಆನೆಯೊಂದೇ ಅಲ್ಲ. ಈ ಮನೆಯನ್ನು ಕೊಂಡ ಮೂರು ವರ್ಷಗಳಿಗೆ ಮಳೆ ಕೈಕೊಟ್ಟು, ೧೮೭೬ರಿಂದ ೧೮೭೮ರವರೆಗೆ ಮೈಸೂರು ಸೀಮೆಯನ್ನು ಮಹಾಕ್ಷಾಮ ಕಾಡಿತು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆ ೧೮೮೧ರ ಗಣತಿಯಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿಯಿತು. ಅರಮನೆಯಿಂದಾಗಿ ಕ್ಷಾಮ ಬಂತೆಂದು ನಾನು ಹೇಳುತ್ತಿಲ್ಲ. ಹತ್ತು ವರ್ಷದ ಬಾಲಕನೊಬ್ಬನನ್ನು ಅದಕ್ಕೆ ಹೊಣೆಯಾಗಿಸುವುದು ಅನ್ಯಾಯ. ಆದರೆ ಒಂದೇ ದಶಕದಲ್ಲಿ ಒಂದೇ ನಾಡಿನಲ್ಲಿ ಇವೆರಡೂ ಇದ್ದವು. ಬಣ್ಣದ ಗಾಜನ್ನು ನೋಡುವ ಕಣ್ಣಿಗೆ ಇದೂ ನೆನಪಿರಬೇಕು. ವಸ್ತುವಿಗೆ ಅನೇಕ ಧರ್ಮಗಳಿವೆ, ಅನೇಕ ಪರ್ಯಾಯಗಳಿವೆ ಎಂದು ಬೋಧಿಸುವ ಅನೇಕಾಂತದ ಮಕ್ಕಳು ಒಂದು ಮನೆಯಲ್ಲಿ ವೈಭವದ ಒಂದೇ ಪರ್ಯಾಯವನ್ನು ಕಂಡು ಹಿಂದಿರುಗಿದರೆ ಅದು ಏಕಾಂತ ದೃಷ್ಟಿಯೇ. ಕ್ರೌರ್ಯವನ್ನು ಮಾತ್ರ ಕಂಡು, ಮರವನ್ನು ಕೆತ್ತಿದ ಹೆಸರಿಲ್ಲದ ಬಡಗಿಯ ಕೈಯನ್ನು ಕಾಣದೆ ಬಂದರೂ ಅದು ಏಕಾಂತವೇ.

ಬೇಟೆಯ ವಿಷಯದಲ್ಲಂತೂ ನಮಗೆ ಮೈಮರೆಯುವ ಅಧಿಕಾರವಿಲ್ಲ. ಗೃಹಸ್ಥನಿಗೆ ಅಡುಗೆ, ಬೇಸಾಯ, ಉದ್ಯೋಗ, ಆತ್ಮರಕ್ಷಣೆಗಳಲ್ಲಿ ಅನಿವಾರ್ಯವಾಗಿ ಆಗುವ ಹಿಂಸೆಗೆ ಮಿತಿಯೊಳಗಿನ ರಿಯಾಯಿತಿಯುಂಟು; ಸಂಕಲ್ಪಪೂರ್ವಕವಾದ ಹಿಂಸೆಗೆ ಇಲ್ಲ. ಬೇಟೆಯನ್ನು ಸಪ್ತವ್ಯಸನಗಳಲ್ಲಿ ಎಣಿಸಿರುವುದು ಈ ಕಾರಣಕ್ಕೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಪ್ರಯೋಜನವಿಲ್ಲದ ಪಾಪಗಳಾದ ಅನರ್ಥದಂಡಗಳನ್ನು ಐದು ಬಗೆಯಾಗಿ ವಿಂಗಡಿಸುವಾಗ ದುಃಶ್ರುತಿ ಎಂಬುದನ್ನೂ ಸೇರಿಸಿದ್ದಾರೆ. ರಾಗದ್ವೇಷಗಳನ್ನು ಕೆರಳಿಸಿ ಚಿತ್ತವನ್ನು ಕಲುಷಿತಗೊಳಿಸುವ ಮಾತುಗಳನ್ನು ಕೇಳುವುದು ದುಃಶ್ರುತಿ. ಶಿಕಾರಿಯ ಸಾಹಸಕಥೆಗಳನ್ನು ನಾವು ಎಷ್ಟು ಸವಿದು ಕೇಳುತ್ತೇವೆಂದು ಒಮ್ಮೆ ಯೋಚಿಸಬೇಕು. ಆ ಕಥೆಗಳ ಇನ್ನೊಂದು ಲೆಕ್ಕ ನಮ್ಮ ಮೈಸೂರಿನಲ್ಲಿಯೇ ಇತ್ತು. ಪ್ರಾಣಿಗಳ ಚರ್ಮವನ್ನು ಹದಗೊಳಿಸಿ ಜೀವಂತವೆನಿಸುವಂತೆ ನಿಲ್ಲಿಸುವುದರಲ್ಲಿ ಜಗತ್ಪ್ರಸಿದ್ಧವಾಗಿದ್ದ ವ್ಯಾನ್ ಇಂಗೆನ್ ಕಾರ್ಖಾನೆ ಇಪ್ಪತ್ತನೆಯ ಶತಮಾನದುದ್ದಕ್ಕೂ ನಡೆದು ೧೯೯೯ರಲ್ಲಿ ಮುಚ್ಚಿತು. ಅಲ್ಲಿ ಸಿದ್ಧವಾದ ಹುಲಿ, ಚಿರತೆಗಳೇ ನಲವತ್ತು ಸಾವಿರಕ್ಕೂ ಹೆಚ್ಚೆಂದು ಅದರ ಚರಿತ್ರೆಯನ್ನು ಬರೆದ ಇಂಗ್ಲಿಷ್ ಸಂಶೋಧಕರೊಬ್ಬರು ಲೆಕ್ಕಹಾಕಿದ್ದಾರೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಈ ಕಸಬಿನ ಬೇರು ಒಣಗಿತು. ಒಡೆಯರ ಬೇಟೆಯ ಕಾಡಾಗಿದ್ದ ಬಂಡೀಪುರವೇ ೧೯೭೩ರಲ್ಲಿ ದೇಶದ ಮೊದಲ ಹುಲಿ ಸಂರಕ್ಷಿತ ತಾಣಗಳಲ್ಲಿ ಒಂದಾಯಿತು. ಒಂದೇ ನೆಲ ಕೊಲ್ಲುವ ತಾಣವಾಗಿಯೂ ಕಾಯುವ ತಾಣವಾಗಿಯೂ ಇರಬಲ್ಲದೆಂಬುದು ಪರ್ಯಾಯತತ್ತ್ವಕ್ಕೆ ನಮ್ಮ ಕಣ್ಣಮುಂದಿನ ನಿದರ್ಶನ.

ಹಾಗೆಂದು ಬೇಟೆಯನ್ನು ಒಡೆಯರ ಮತ್ತು ಪರಂಗಿಯವರ ಪಾಪವೆಂದು ಬದಿಗೆ ಸರಿಸುವುದು ನಮಗೆ ಸಲ್ಲದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. ೯೪೯-೫೦ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಜೈನಧರ್ಮಕ್ಕೆ ಆಶ್ರಯ ನೀಡಿದ ಗಂಗವಂಶದ ಬೂತುಗನ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಅದರ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿ ಭೂಮಿಯನ್ನೂ ಬಿಡಲಾಯಿತು. ಬೇಟೆಯ ಈ ವೈಭವೀಕರಣವನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಆ ಕಲ್ಲಿನಲ್ಲಿ ಒಂದು ಪ್ರಾಮಾಣಿಕತೆ ಇದೆ. ನಾಯಿಗೆ ಹೆಸರಿದೆ. ಹಂದಿಯೂ ಅಲ್ಲಿ ಚಿತ್ರಿತವಾಗಿದೆ. ಯಾರು ಯಾರೊಡನೆ ಹೋರಾಡಿದರು, ಹೇಗೆ ಸತ್ತರು ಎಂಬುದನ್ನು ಕಲ್ಲು ಮುಚ್ಚಿಡುವುದಿಲ್ಲ. ಪೀಠವಾಗಿಬಿಟ್ಟ ಪಾದಕ್ಕಾದರೋ ಹೆಸರೂ ಇಲ್ಲ, ಚರಿತ್ರೆಯೂ ಇಲ್ಲ. ಅದು ಕುರ್ಚಿಮೇಜುಗಳ ಸಾಲಿಗೆ ಸೇರಿಹೋಗಿದೆ. ಒಂದು ಜೀವವನ್ನು ಕೊಲ್ಲುವುದು ಒಂದು ಹಿಂಸೆ. ಕೊಂದ ಮೇಲೆ ಅದು ಜೀವವಾಗಿತ್ತೆಂಬುದನ್ನೇ ಮರೆಯಿಸುವುದು ಇನ್ನೊಂದು. ಮೊದಲನೆಯದರಲ್ಲಿ ಪ್ರವಾಸಿಗೆ ಪಾಲಿಲ್ಲ. ಎರಡನೆಯದರಲ್ಲಿ ಪಾಲು ಇರುವುದೂ ಇಲ್ಲದಿರುವುದೂ ಅವನ ಕೈಯಲ್ಲಿಯೇ ಇದೆ.

ಇಲ್ಲಿಯವರೆಗೆ ಬರೆದುದು ಇತರರ ಮನೆಯ ವಿಚಾರ. ನಮ್ಮ ಮನೆಯ ವಿಚಾರವನ್ನೂ ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾದೀತು. ಮಲೆನಾಡಿನಲ್ಲಿ ನಮ್ಮ ಮೂಲಮನೆಯೊಂದಿದೆ. ಪರಂಗಿಯವರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ನನ್ನ ಅಜ್ಜ ಕಟ್ಟಿಸಿದ ತೊಟ್ಟಿಮನೆ. ಅದರ ಜಗಲಿಯ ಗೋಡೆಯ ಮೇಲೆ, ಜಿನಬಿಂಬವಿದ್ದ ದೇವರ ಕೋಣೆಯ ಬಾಗಿಲಿಗೆ ಎದುರಾಗಿ, ಜೋಡಿ ಜಿಂಕೆಯ ಕೊಂಬುಗಳಿದ್ದವು. ಅಜ್ಜ ಇರುವೆಯನ್ನು ಕಂಡರೆ ಕಾಲು ಹಿಂತೆಗೆಯುತ್ತಿದ್ದವರು, ಬಂದೂಕು ಮುಟ್ಟಿದವರಲ್ಲ. ಆ ಕೊಂಬುಗಳು ಯಾರೋ ಅಧಿಕಾರಿ ಸ್ನೇಹದಿಂದ ಕೊಟ್ಟ ಉಡುಗೊರೆ. ದೊಡ್ಡವರ ಮನೆಗಳಲ್ಲಿ ಇರುವುದು ನಮ್ಮಲ್ಲಿಯೂ ಇರಲಿ ಎಂದು ಗೋಡೆಗೆ ಹಾಕಿದರು. ನಾವು ಮಕ್ಕಳು ಅವಕ್ಕೆ ಛತ್ರಿಗಳನ್ನು ತೂಗುಹಾಕುತ್ತಿದ್ದೆವು. ರಾತ್ರಿಭೋಜನವಿಲ್ಲದ, ಗೆಡ್ಡೆಗೆಣಸು ಒಳಗೆ ಬಾರದ ಆ ಮನೆಯಲ್ಲಿ ಯಾರಿಗೂ ಒಮ್ಮೆಯೂ “ಮಿಕ್ಕ ಜಿಂಕೆ ಎಲ್ಲಿ?” ಎಂದು ಕೇಳಬೇಕೆನಿಸಲಿಲ್ಲ. ನಾವು ಮಾಡಲಿಲ್ಲ, ಮಾಡಿಸಲಿಲ್ಲ, ಗೋಡೆಗೆ ಹಾಕಿಕೊಂಡೆವು. ಅನುಮತ ಎಂದರೇನೆಂದು ತಿಳಿಯಲು ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

೧೯೭೨ರ ಕಾಯಿದೆ ಬಂದ ಮೇಲೆ ತಂದೆಯವರು ಆ ಕೊಂಬುಗಳನ್ನು ಅರಣ್ಯ ಇಲಾಖೆಗೆ ಒಪ್ಪಿಸಿದರು. ಗೋಡೆಯಲ್ಲಿ ಎರಡು ಗೂಟದ ರಂಧ್ರಗಳೂ, ಹೊಗೆ ಹಿಡಿಯದೆ ಉಳಿದ ಒಂದು ಬಿಳಿಯ ಗುರುತೂ ಉಳಿದವು. ಈಗ ನನ್ನ ಅಣ್ಣನ ಮಗ ಆ ಮನೆಯನ್ನು ದುರಸ್ತಿ ಮಾಡಿಸಿ, ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುವವರು ವಾರಾಂತ್ಯದಲ್ಲಿ ಬಂದು ತಂಗುವಂತೆ ಹೋಂಸ್ಟೇ ಮಾಡಬೇಕೆಂದಿದ್ದಾನೆ. ಮನೆ ಬೀಳುವುದಕ್ಕಿಂತ ಅದು ಮೇಲೆಂದು ನಾನೂ ಒಪ್ಪಿದ್ದೇನೆ. ಕಳೆದ ತಿಂಗಳು ಗಾರೆ ಕೆಲಸದ ಮೇಸ್ತ್ರಿ ಆ ಗೋಡೆಯ ಮುಂದೆ ನಿಂತು, “ಈ ತೂತು ಮುಚ್ಚಿ ಬಣ್ಣ ಹೊಡೆದುಬಿಡಲಾ ಯಜಮಾನ್ರೇ?” ಎಂದು ಕೇಳಿದರು. ಅಣ್ಣನ ಮಗ ಮುಚ್ಚಿರಿ ಎಂದ. ಬೇಕಾದರೆ ಮರದಲ್ಲಿ ಕೆತ್ತಿಸಿದ ಕೊಂಬುಗಳನ್ನು ಅಲ್ಲಿ ಹಾಕೋಣ, ಬಂದವರಿಗೆ ಹಳೆಯ ಕಾಲದ ಕಳೆ ಕಾಣುತ್ತದೆ ಎಂದೂ ಸೇರಿಸಿದ. ನನಗೆ ಹಿಟ್ಟಿನ ಕೋಳಿಯ ನೆನಪಾಯಿತು. ಬೇಡವೆಂದೆ. ಇಬ್ಬರಿಗೂ ಸ್ವಲ್ಪ ಮಾತು ಬೆಳೆಯಿತು. “ಚಿಕ್ಕಪ್ಪ, ಬರುವವರು ಸಂತೋಷಪಡಲು ಬರುತ್ತಾರೆ, ಪ್ರತಿಕ್ರಮಣ ಮಾಡಲು ಅಲ್ಲ” ಎಂದ. ಆ ಮಾತಿನಲ್ಲಿಯೂ ಸತ್ಯವಿದೆ. ಅತಿಥಿಯ ಎದೆಯ ಮೇಲೆ ಪಾಪದ ಕಲ್ಲು ಹೇರುವುದು ಆತಿಥ್ಯವಲ್ಲ. ಕೊನೆಗೆ ಗೋಡೆಗೆ ಸುಣ್ಣವಾಗಲಿ, ಆ ಗುರುತು ಮಾತ್ರ ಹಾಗೆಯೇ ಇರಲಿ, ಅದರ ಕೆಳಗೆ ಎರಡು ಸಾಲು ಬರೆದಿಡೋಣ ಎಂದು ಒಪ್ಪಂದವಾಯಿತು. ಇಲ್ಲಿ ಜಿಂಕೆಯ ಕೊಂಬುಗಳಿದ್ದವು, ನಾವು ಅವನ್ನು ಅಲಂಕಾರವೆಂದು ತಿಳಿದಿದ್ದೆವು, ಈಗ ಹಾಗೆ ತಿಳಿಯುವುದಿಲ್ಲ ಎಂಬಷ್ಟು ಸಾಕು.

ನಮ್ಮ ಟ್ರಸ್ಟುಗಳ ಧರ್ಮದರ್ಶಿಗಳಲ್ಲಿಯೂ ಈ ಸಂದರ್ಭದಲ್ಲಿ ಒಂದು ಅರಿಕೆ. ಹೊಸ ಬಸದಿಯನ್ನು ಕಟ್ಟಿಸುವುದಕ್ಕಿಂತ ಜೀರ್ಣೋದ್ಧಾರದ ಪುಣ್ಯ ಹಿರಿದೆಂದು ನಮ್ಮ ಪರಂಪರೆ ನಂಬಿಕೊಂಡು ಬಂದಿದೆ. ಆದರೆ ಉದ್ಧಾರವಾಗಬೇಕಾದದ್ದು ಕಲ್ಲೊಂದೇ ಅಲ್ಲ. ಶಾಸನದ ಅಕ್ಷರಗಳ ಮೇಲೆ ಬಣ್ಣ ಬಳಿದು, ಸವೆದ ಹಾಸುಗಲ್ಲಿನ ಮೇಲೆ ಹೊಳೆಯುವ ಬಿಲ್ಲೆಗಳನ್ನು ಕೂರಿಸಿ, ಅದರ ಮೇಲೆ ಇಂದಿನ ದಾನಿಗಳ ಹೆಸರನ್ನು ಮಾತ್ರ ಕೆತ್ತಿಸುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಹಳೆಯ ಕಟ್ಟಡದ ಸತ್ಯವನ್ನು ಅಳಿಸಿ ಅದರ ಚೆಲುವನ್ನು ಮಾತ್ರ ಉಳಿಸಿಕೊಳ್ಳುವುದು ಅರಮನೆಯ ಪೀಠಗಳಿಗಿಂತ ಬೇರೆಯಾದ ಮಾರ್ಗವೇನಲ್ಲ. ದುರಸ್ತಿಯ ಲೆಕ್ಕಪತ್ರವಿಡುವಾಗ ಒಂದು ಪುಟವನ್ನು ಇದಕ್ಕೂ ಮೀಸಲಿಡಿ. ಮೊದಲು ಏನಿತ್ತು, ಯಾರು ಕಟ್ಟಿದರು, ಏನನ್ನು ತೆಗೆದೆವು, ಏಕೆ ತೆಗೆದೆವು ಎಂದು ಬರೆದಿಡಿ. ಯಾತ್ರೆಗೆಂದು ಮಕ್ಕಳನ್ನು ಕರೆದುಕೊಂಡು ಹೋದಾಗ ಆ ಪುಟವನ್ನು ಅವರಿಗೆ ಓದಿ ಹೇಳಿ.

ಹಿಂದಿನವರ ಪರಿಗ್ರಹವನ್ನು ಅಳೆಯುವುದು ಸುಲಭ, ಇಂದಿನ ನಮ್ಮದನ್ನು ಅಳೆಯುವುದು ಕಷ್ಟ. ವೈಟ್‌ಫೀಲ್ಡ್ ಎಂಬ ಊರು ಹುಟ್ಟಿದ್ದೂ ಅದೇ ಚಾಮರಾಜೇಂದ್ರ ಒಡೆಯರ ಕೊಡುಗೆಯಿಂದಲೇ. ೧೮೮೨ರಲ್ಲಿ ಡಿ.ಎಸ್. ವೈಟ್ ಎಂಬವರ ಸಂಘಕ್ಕೆ, ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಬದುಕಲೆಂದು, ಸುಮಾರು ೩,೯೦೦ ಎಕರೆ ಭೂಮಿ ದೊರೆಯಿತು. ಆ ವಸಾಹತಿನ ಹೆಂಚಿನ ಬಂಗಲೆಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಮಿಕ್ಕ ಜಾಗದಲ್ಲಿ ನಾವಿದ್ದೇವೆ. ೨೦೧೫ರ ಸುಮಾರಿಗೆ ವರ್ತೂರು ಕೆರೆಯ ನೊರೆ ಗಾಳಿಗೆದ್ದು ರಸ್ತೆಗೆ ಹಾರುತ್ತಿತ್ತು. ೨೦೧೭ರಲ್ಲಿ ಬೆಳ್ಳಂದೂರು ಕೆರೆಯ ಮೇಲೆಯೇ ಬೆಂಕಿ ಎದ್ದಿತು. ಆ ಕೆರೆಗಳನ್ನು ಸೇರಿದ ಕೊಳಕು ನೀರು ಮೇಲ್ಭಾಗದ ಬಡಾವಣೆಗಳ, ಅಂದರೆ ನಮ್ಮಂಥವರ ಮನೆಗಳದ್ದು. ಒಳಗೆ ನೀರನ್ನು ಸೋಸಿ ಕುಡಿಯುವ ನಾವು ಹೊರಗೆ ಎಷ್ಟು ಜಲಚರಗಳ ಸಾವಿಗೆ ಪಾಲುದಾರರಾದೆವೆಂದು ಯಾರೂ ಲೆಕ್ಕವಿಡಲಿಲ್ಲ. ಪೀಣ್ಯದಲ್ಲಿ ಕಾರ್ಖಾನೆ ನಡೆಸುವ ನಮ್ಮ ಬಂಧುಗಳಿಗೂ ಇದು ಅನ್ವಯಿಸುತ್ತದೆ. ನೂರು ವರ್ಷಗಳ ನಂತರ ನಮ್ಮ ಮನೆಯೊಂದನ್ನು ದುರಸ್ತಿಗೊಳಿಸಿ ಟಿಕೆಟ್ಟಿಟ್ಟು ತೋರಿಸಿದರೆ, ಯಾವ ಮಗು ಯಾವ ವಸ್ತುವಿನ ಮುಂದೆ ಬಗ್ಗಿ “ಮಿಕ್ಕದ್ದು ಎಲ್ಲಿ?” ಎಂದು ಕೇಳೀತು? ಈ ಪ್ರಶ್ನೆಯನ್ನು ಹೊತ್ತು ಮರಳುವುದಾದರೆ ಅರಮನೆಯ ದರ್ಶನ ವ್ಯರ್ಥವಲ್ಲ.

ಆದುದರಿಂದ ಇಂಥ ಮನೆಗಳಿಗೆ ಹೋಗಬಾರದೆಂದು ನಾನು ಹೇಳಲಾರೆ. ಹೋಗಿರಿ, ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಮರದ ಕೆಲಸವನ್ನು ಮನಸಾರೆ ಮೆಚ್ಚಿರಿ. ಅದನ್ನು ಮಾಡಿದ ಕೈಗಳನ್ನು ನೆನೆಯಿರಿ. ಸತ್ತ ಪ್ರಾಣಿಯ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಬೇಡಿ. ಅದರಿಂದ ಓಡಿಯೂ ಹೋಗಬೇಡಿ. ಒಂದು ಕ್ಷಣ ನಿಂತು ಅದು ಒಂದು ಜೀವವಾಗಿತ್ತೆಂದು ಮಗುವಿಗೆ ಹೇಳಿರಿ, ಒಂದು ಣಮೋಕಾರವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿರಿ. ಎಲ್ಲ ಜೀವಗಳನ್ನೂ ಕ್ಷಮಿಸುತ್ತೇನೆ, ಎಲ್ಲ ಜೀವಗಳೂ ನನ್ನನ್ನು ಕ್ಷಮಿಸಲಿ ಎಂದು ಪರ್ವದ ಕೊನೆಯಲ್ಲಿ ನಾವು ಹೇಳುವುದುಂಟಷ್ಟೆ. ಆ “ಎಲ್ಲ” ಎಂಬ ಮಾತಿನಲ್ಲಿ ಗೋಡೆಯ ಮೇಲಿನ ಜೀವವೂ ಸೇರಿದೆ.

ಅಂದು ಹೊರಡುವ ಮುನ್ನ ನನ್ನ ಮೊಮ್ಮಗ ಇನ್ನೊಂದು ಪ್ರಶ್ನೆ ಕೇಳಿದ. “ಆ ಆನೆಯ ಹೆಸರೇನಜ್ಜ?” ನನಗೆ ಗೊತ್ತಿಲ್ಲವೆಂದೆ. ಮೆಟ್ರೊದಲ್ಲಿ ಬರುವಾಗ ಅವನೇ ಯೋಚಿಸಿ, “ಮೇಘ ಅಂತ ಇಡೋಣ” ಎಂದ. ಆ ಹೆಸರಿನಿಂದ ಆನೆಗೆ ಈಗ ಆಗಬೇಕಾದುದೇನೂ ಇಲ್ಲ. ಆದರೆ ಬಟ್ಟೆಯಲ್ಲಿ ಉಳಿದ ಒಂದು ಜೀವವನ್ನು ಆ ಮಗು ತನಗೆ ತಿಳಿದ ರೀತಿಯಲ್ಲಿ ಬಾವಿಗೆ ಮರಳಿಸಿತೆಂದು ನನಗೆ ತೋರಿತು.